ಭಾನುವಾರ ಒಂದೇ ದಿನದಲ್ಲಿ ಟ್ಯಾಂಕ್, ನಲ್ಲಿ, ಗೋಡೆ: ಯಾವುದರ ನಂತರ ಯಾವುದು

ಮನೆ ರಿಪೇರಿಗೆಂದು ಎತ್ತಿಟ್ಟ ಭಾನುವಾರ ಹಾಳಾಗುವುದು ಹೆಚ್ಚಾಗಿ ಕ್ರಮ ತಪ್ಪಿದ್ದರಿಂದ. ನಲ್ಲಿ ಬಿಚ್ಚಿ ಕೂತಾಗ ಹಾರ್ಡ್‌ವೇರ್ ಅಂಗಡಿ ಬಾಗಿಲು ಹಾಕಿರುತ್ತದೆ. ಟ್ಯಾಂಕ್ ಖಾಲಿ ಮಾಡಿದ ಮೇಲೆ ಅಡುಗೆಮನೆಯಲ್ಲಿ ಒಂದು ಲೋಟ ನೀರಿಲ್ಲ ಎಂದು ಗೊತ್ತಾಗುತ್ತದೆ. ಸಂಜೆ ಹಚ್ಚಿದ ಪುಟ್ಟಿ ರಾತ್ರಿಯಾದರೂ ಒಣಗುವುದಿಲ್ಲ. ಸಾವಿರ ಲೀಟರಿನ ಸಿಂಟೆಕ್ಸ್ ತೊಳೆಯುವುದು, ಸೋರುವ ನಲ್ಲಿ ಸರಿಮಾಡುವುದು, ಬಣ್ಣ ಎದ್ದ ಗೋಡೆಗೆ ತೇಪೆ ಹಾಕುವುದು, ಒಂದು ಶೆಲ್ಫ್ ಬಿಗಿಯುವುದು: ಇವೆಲ್ಲ ಸೇರಿ ಕೈಯಾಡಿಸುವ ಕೆಲಸ ಐದಾರು ಗಂಟೆಯದು, ಉಳಿದದ್ದು ಕಾಯುವ ಹೊತ್ತು. ಹಾಗಾಗಿ ಒಣಗಲು, ಇಳಿಯಲು ಹೊತ್ತು ಬೇಡುವ ಕೆಲಸವನ್ನು ಮೊದಲು ಶುರುಮಾಡಿ, ಆ ಹೊತ್ತಿನಲ್ಲೇ ಅಂಗಡಿ, ಸಂತೆ, ಊಟ, ನಿದ್ದೆ ಮುಗಿಸಬೇಕು. ಈ ಕ್ರಮ ಸ್ವಂತ ಟ್ಯಾಂಕ್ ಇರುವ ಮನೆಗಳಿಗೆ. ಅಪಾರ್ಟ್‌ಮೆಂಟಿನವರು ಟ್ಯಾಂಕಿನ ಭಾಗ ಬಿಟ್ಟು ಉಳಿದದ್ದನ್ನು ಓದಿಕೊಳ್ಳಬಹುದು.

ಮೊದಲೇ ನೋಡಿಕೊಳ್ಳಬೇಕಾದ್ದು

ಶುಕ್ರವಾರ ರಾತ್ರಿ ಒಂದು ಪರೀಕ್ಷೆ ಹೂಡಿ. ಬಣ್ಣ ಎದ್ದಿರುವ ಜಾಗದಲ್ಲಿ ಸಡಿಲ ಪದರ ಕೆರೆದು, ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗಾಳಿಯಾಡದಂತೆ ಅಂಟಿಸಿ. 24 ಗಂಟೆಯ ನಂತರ ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ನೀರಿನ ಹನಿ ಕಂಡರೆ ಗೋಡೆಯೊಳಗಿಂದಲೇ ತೇವ ಬರುತ್ತಿದೆ. ಹಿಂದೆ ಬಾತ್‌ರೂಮಿನ ಪೈಪು ಇರಬಹುದು, ಹೊರಗೋಡೆಯ ಬಿರುಕಿರಬಹುದು. ಅಂಥ ಗೋಡೆಗೆ ಈ ವಾರ ಪುಟ್ಟಿ ಹಚ್ಚಬೇಡಿ, ಒಂದು ಮಳೆಗಾಲ ಸಹ ನಿಲ್ಲುವುದಿಲ್ಲ. ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದಿಡುವುದರಿಂದ ಅರ್ಧ ಸಮಸ್ಯೆ ಹೋಗುತ್ತದೆ.

ನಲ್ಲಿ ಎಷ್ಟು ಸೋರುತ್ತಿದೆ ಎಂದು ಅಳೆಯಲು ಕೆಳಗೆ ಮಗ್ ಇಟ್ಟು ಹತ್ತು ನಿಮಿಷ ಬಿಡಿ. ಬಿದ್ದದ್ದನ್ನು 144ರಿಂದ ಗುಣಿಸಿದರೆ ಒಂದು ದಿನದ ಲೆಕ್ಕ. ಹತ್ತು ನಿಮಿಷಕ್ಕೆ 100 ಮಿಲಿ ಎಂದರೆ ದಿನಕ್ಕೆ 14 ಲೀಟರಿಗೂ ಮೇಲೆ.

ಶನಿವಾರ ಸಂಜೆ ತಂದಿಡಬೇಕಾದ ಸಾಮಾನು ಇಷ್ಟು: ಬಿಳಿ ಸಿಮೆಂಟ್ ಆಧಾರದ ಪುಟ್ಟಿ 1 ಕೆಜಿ, 4 ಇಂಚಿನ ಪುಟ್ಟಿ ಬ್ಲೇಡ್, 120 ಮತ್ತು 220 ನಂಬರಿನ ಸ್ಯಾಂಡ್ ಪೇಪರ್ ಎರಡೆರಡು ಹಾಳೆ, ಟೆಫ್ಲಾನ್ ಟೇಪ್ 2 ಸುರುಳಿ, ಉದ್ದ ಹಿಡಿಯ ನೈಲಾನ್ ಬ್ರಷ್, ದಪ್ಪ ಸ್ಪಾಂಜ್, ರಬ್ಬರ್ ಗ್ಲೌಸ್, ಮಾಸ್ಕ್, ಸೊಳ್ಳೆ ಪರದೆಯ ನೈಲಾನ್ ಜಾಲರಿ ಒಂದು ತುಂಡು, ಸೀಲ್ ಒಡೆಯದ ಬ್ಲೀಚಿಂಗ್ ಪೌಡರ್ ಸಣ್ಣ ಪ್ಯಾಕೆಟ್. ಡಬ್ಬಿಯಿಂದ ಬಿಡಿಯಾಗಿ ಅಳೆದು ಕೊಡುವ ಬ್ಲೀಚಿಂಗ್ ಪೌಡರ್ ಬೇಡ. ಗಾಳಿ, ತೇವ ತಾಗಿದಷ್ಟೂ ಅದರಲ್ಲಿನ ಕ್ಲೋರಿನ್ ಹಾರಿಹೋಗಿರುತ್ತದೆ, ಉಳಿಯುವುದು ಸುಣ್ಣ. ನಲ್ಲಿಯ ಸ್ಪಿಂಡಲ್, ಅಂದರೆ ಹಿಡಿಯ ಕೆಳಗೆ ಕೂತು ನೀರನ್ನು ಬಿಡುವ, ತಡೆಯುವ ಒಳಭಾಗ, ಮಾತ್ರ ಈಗ ಕೊಳ್ಳಬೇಡಿ. ಕಾರಣ ಮುಂದೆ ಇದೆ.

ಶನಿವಾರ ರಾತ್ರಿ ಮೋಟಾರ್ ಹಾಕದೆ ಇದ್ದರೆ ಭಾನುವಾರ ಬೆಳಗ್ಗೆ ಟ್ಯಾಂಕ್ ತಾನಾಗಿಯೇ ಅರ್ಧಕ್ಕೆ ಇಳಿದಿರುತ್ತದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಾದರೆ, ನೀರು ಬರುವ ದಿನದ ಹಿಂದಿನ ದಿನ ಟ್ಯಾಂಕ್ ತೊಳೆಯುವುದು ಲೇಸು. ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಸಂಪು ತುಂಬಿದೆಯೇ ಎಂದು ನೋಡದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಬೆಳಗ್ಗೆ 6:30: ನೀರು ತುಂಬಿಡುವುದು, ಸ್ವಿಚ್ ಆರಿಸುವುದು

ಕುಡಿಯಲು ಮತ್ತು ಅಡುಗೆಗೆ 20 ಲೀಟರ್, ಪ್ರತಿ ಬಾತ್‌ರೂಮಿಗೆ ಎರಡು ಬಕೆಟ್, ಕೈ ತೊಳೆಯಲು ಒಂದು ಕೊಡ. ಸ್ನಾನ ಎಲ್ಲರದೂ ಎಂಟರೊಳಗೆ ಆಗಲಿ. ವಾಷಿಂಗ್ ಮೆಷಿನ್ ಈಗಲೇ ಹಾಕಿಬಿಡಿ. ಬಟ್ಟೆಯೂ ಆಯಿತು, ಟ್ಯಾಂಕಿನ ನೀರೂ ಇಳಿಯಿತು.

ಆಮೇಲೆ ಮೀಟರ್ ಬೋರ್ಡಿನ ಹತ್ತಿರ ಹೋಗಿ ಮೋಟಾರಿನ ಎಂಸಿಬಿ, ಅಂದರೆ ಕರೆಂಟ್ ಕಡಿದುಹಾಕುವ ಸ್ವಿಚ್, ಇಳಿಸಿ. ಗೋಡೆಯ ಸ್ವಿಚ್ ಒಂದೇ ಆರಿಸಿದರೆ ಸಾಲದು. ಆಟೋಮ್ಯಾಟಿಕ್ ಕಂಟ್ರೋಲರ್ ಇರುವ ಮನೆಯಲ್ಲಿ ಟ್ಯಾಂಕ್ ಖಾಲಿಯಾದದ್ದೇ ತಡ, ಮೋಟಾರ್ ತಾನೇ ಶುರುವಾಗಿ ಉಜ್ಜುತ್ತಿರುವವರ ತಲೆಯ ಮೇಲೆ ನೀರು ಸುರಿಯುತ್ತದೆ. ಎಂಸಿಬಿಯ ಮೇಲೆ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿ. ಮನೆಯಲ್ಲಿ ಯಾರೋ ಒಬ್ಬರು ಒಳ್ಳೆ ಮನಸ್ಸಿನಿಂದಲೇ ಮೋಟಾರ್ ಹಾಕುವವರು ಇದ್ದೇ ಇರುತ್ತಾರೆ. ಗೀಜರ್ ಎಂಸಿಬಿ, ವಾಟರ್ ಪ್ಯೂರಿಫೈಯರ್ ಪ್ಲಗ್ ಎರಡೂ ಆರಿಸಿ.

ಮಾಳಿಗೆಯ ಮೇಲೆ ಸೋಲಾರ್ ಇದ್ದರೆ ಅದಕ್ಕೆ ತಣ್ಣೀರು ಹೋಗುವ ಪೈಪಿನ ವಾಲ್ವ್ ಮುಚ್ಚಿ. ಮುಚ್ಚದಿದ್ದರೆ ಸೋಲಾರ್ ಟ್ಯಾಂಕಿನ ನೀರು ಹಿಮ್ಮುಖವಾಗಿ ಇಳಿದುಹೋಗುವ ಸಾಧ್ಯತೆ ಇದೆ. ಖಾಲಿಯಾದ ಗಾಜಿನ ಟ್ಯೂಬುಗಳು ಬಿಸಿಲಿಗೆ ಕಾದಿರುವಾಗ ತಣ್ಣೀರು ನುಗ್ಗಿದರೆ ಟ್ಯೂಬು ಸೀಳುತ್ತದೆ. ಹಾಗೇನಾದರೂ ಖಾಲಿಯಾಗಿಬಿಟ್ಟರೆ ಬಿಸಿಲಿರುವಾಗ ತುಂಬಿಸದೆ ಮರುದಿನ ಸೂರ್ಯೋದಯಕ್ಕೆ ಮುಂಚೆ ತುಂಬಿಸಿ.

7:30: ಗೋಡೆಗೆ ಮೊದಲ ಕೈ

ಪುಟ್ಟಿ ಒಣಗಲು ನಾಲ್ಕರಿಂದ ಆರು ಗಂಟೆ ಬೇಕು. ಅದಕ್ಕೇ ಇದು ಮೊದಲು.

ಬ್ಲೇಡಿನಿಂದ ಎದ್ದ ಬಣ್ಣವನ್ನೆಲ್ಲ ಕೆರೆಯಿರಿ, ಗಟ್ಟಿ ಅಂಚು ಸಿಗುವವರೆಗೂ. ಅಂಗೈಯಲ್ಲಿ ಉಜ್ಜಿದಾಗ ಬಿಳಿ ಪುಡಿ ಅಂಟಿದರೆ ಹಳೆಯ ಸುಣ್ಣವೋ ಡಿಸ್ಟೆಂಪರೋ ಇನ್ನೂ ಇದೆ ಎಂದರ್ಥ. ಅದರ ಮೇಲೆ ಹಚ್ಚಿದ ಪುಟ್ಟಿ ಹಾಳೆಯಂತೆ ಕಳಚಿಕೊಳ್ಳುತ್ತದೆ. ಹೊಳಪಿನ ಎನಾಮಲ್ ಬಣ್ಣದ ಮೇಲೂ ಪುಟ್ಟಿ ಹಿಡಿಯುವುದಿಲ್ಲ, 120 ನಂಬರಿನಲ್ಲಿ ಉಜ್ಜಿ ಹೊಳಪು ತೆಗೆಯಬೇಕು. ಕೂದಲೆಳೆಯ ಬಿರುಕಿದ್ದರೆ ಬ್ಲೇಡಿನ ಮೂಲೆಯಿಂದ ಗೀರಿ ತುಸು ಅಗಲ ಮಾಡಿ. ಅಗಲ ಮಾಡದೆ ಮೇಲೆ ಸವರಿದರೆ ಬಿರುಕಿನ ಒಳಗೆ ಏನೂ ಇಳಿಯುವುದಿಲ್ಲ. ಧೂಳನ್ನು ಒಣ ಬ್ರಷ್‌ನಿಂದ ಗುಡಿಸಿ, ಒದ್ದೆ ಸ್ಪಾಂಜ್ ಆಡಿಸಿ. ಗೋಡೆ ತೇವವಾಗಿರಬೇಕು, ನೀರು ಇಳಿಯಬಾರದು. ಒಣ ಗೋಡೆ ಪುಟ್ಟಿಯ ನೀರನ್ನು ಹೀರಿಕೊಂಡು, ಗಟ್ಟಿಯಾಗುವ ಮುನ್ನವೇ ಅದನ್ನು ಪುಡಿ ಮಾಡುತ್ತದೆ.

ಎರಡು ಅಂಗೈ ಅಗಲದ ತೇಪೆಗೆ 250 ಗ್ರಾಂ ಪುಟ್ಟಿ ಸಾಕು. ಅದಕ್ಕೆ ನೀರು 90ರಿಂದ 100 ಮಿಲಿ. ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಸಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕಲಸಿದರೆ ಗಂಟು ಉಳಿಯುವುದಿಲ್ಲ. ಕಲಸಿದ್ದನ್ನು ಎರಡು ಗಂಟೆಯೊಳಗೆ ಬಳಸಬೇಕು. ಬಿಗಿಯಾಯಿತೆಂದು ಮತ್ತೆ ನೀರು ಬೆರೆಸಿದರೆ ಅಂಟುವ ಗುಣವೇ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆದು ಹಚ್ಚಿ, ಅಂಚುಗಳಲ್ಲಿ ಬ್ಲೇಡ್ ಒತ್ತಿ ತೆಳ್ಳಗೆ ಮಾಡಿ.

ಎರಡೂ ಕೈ ಸೇರಿ ದಪ್ಪ ಒಂದೂವರೆ ಮಿಲಿಮೀಟರ್ ದಾಟಬಾರದು. ಗಾರೆಯೇ ಬಿದ್ದು ಗುಂಡಿಯಾಗಿದ್ದರೆ ಅದು ಪುಟ್ಟಿಯ ಕೆಲಸವೇ ಅಲ್ಲ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು ಕಲಸಿ ತುಂಬಿ, ಮೂರ್ನಾಲ್ಕು ದಿನ ನೀರು ಚಿಮುಕಿಸಿ, ಚೆನ್ನಾಗಿ ಒಣಗಿದ ಮೇಲೆಯೇ ಪುಟ್ಟಿ.

8:30: ನಲ್ಲಿ ಬಿಚ್ಚುವುದು

ಈ ಹೊತ್ತಿಗೆ ಟ್ಯಾಂಕ್ ತಳ ಕಾಣುವಂತಿರಬೇಕು. ಇನ್ನೂ ನೀರಿದ್ದರೆ ಗಿಡಗಳಿಗೆ, ಅಂಗಳಕ್ಕೆ, ಗಾಡಿ ತೊಳೆಯಲು ಬಿಡಿ. ಟ್ಯಾಂಕ್ ಹೇಗೂ ಬರಿದಾಗುತ್ತಿರುವುದರಿಂದ ನಲ್ಲಿ ಕೆಲಸಕ್ಕೆ ಬೇರೆ ವಾಲ್ವ್ ಮುಚ್ಚುವ ತಾಪತ್ರಯವಿಲ್ಲ. ಇದು ಸಣ್ಣ ಲಾಭವಲ್ಲ: ವರ್ಷಾನುಗಟ್ಟಲೆ ತಿರುಗಿಸದ ಹಳೆಯ ಗೇಟ್ ವಾಲ್ವನ್ನು ಬಲ ಹಾಕಿ ತಿರುಗಿಸಿದರೆ ಒಳಗಿನ ಕಡ್ಡಿ ಮುರಿದು, ನಲ್ಲಿಗಿಂತ ದೊಡ್ಡ ಕೆಲಸ ಎದ್ದು ನಿಲ್ಲುತ್ತದೆ.

ಎಲ್ಲಿ ಸೋರುತ್ತಿದೆ ಎಂಬುದನ್ನು ಮೊದಲು ನೋಡಿ. ಮುಚ್ಚಿದ ಮೇಲೂ ಬಾಯಿಯಿಂದ ತೊಟ್ಟಿಕ್ಕಿದರೆ ವಾಷರ್ ಅಥವಾ ಸ್ಪಿಂಡಲ್ ಹೋಗಿದೆ. ತೆರೆದಾಗ ಮಾತ್ರ ಹಿಡಿಯ ಬುಡದಲ್ಲಿ ಜಿನುಗಿದರೆ ಓ-ರಿಂಗ್, ಅಂದರೆ ಸ್ಪಿಂಡಲ್ ಸುತ್ತಲಿನ ರಬ್ಬರ್ ಬಳೆ, ಸವೆದಿದೆ. ಗೋಡೆ ಸೇರುವಲ್ಲಿ ಒಸರಿದರೆ ಟೆಫ್ಲಾನ್ ಸುತ್ತಿದ್ದು ಸಾಲದು, ನಲ್ಲಿಯನ್ನೇ ಕಳಚಿ ಮತ್ತೆ ಕೂರಿಸಬೇಕು.

ನೀರು ಹೋಗುವ ಜಾಲರಿಯ ಮೇಲೆ ಬಟ್ಟೆ ಹಾಸಿ. ಹಿಡಿಯ ಸಣ್ಣ ಸ್ಕ್ರೂ ಒಳಗೆ ಬಿದ್ದರೆ ಸಿಗುವುದಿಲ್ಲ. ಹಿಡಿಯ ಮೇಲಿನ ಬಿಲ್ಲೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಸ್ಕ್ರೂ ಕಳಚಿ, ಹಿಡಿ ಮೇಲಕ್ಕೆ ಎಳೆಯಿರಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಉಪ್ಪು ಕಟ್ಟಿ ಹಿಡಿ ಕಚ್ಚಿಕೊಂಡಿರುತ್ತದೆ. ವಿನೆಗರ್ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟರೆ ಬಿಡುತ್ತದೆ, ಸುತ್ತಿಗೆ ಬೇಡ. ಮೇಲಿನ ಕವಚ ತೆಗೆದರೆ ಹಿತ್ತಾಳೆಯ ಸ್ಪಿಂಡಲ್ ಕಾಣುತ್ತದೆ. ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿ, ಇನ್ನೊಂದು ಕೈಯಲ್ಲಿ ನಲ್ಲಿಯ ಮೈಯನ್ನು ಭದ್ರವಾಗಿ ಹಿಡಿದಿರಿ. ಹಿಡಿಯದಿದ್ದರೆ ಇಡೀ ನಲ್ಲಿಯೇ ತಿರುಗಿ ಗೋಡೆಯೊಳಗಿನ ಜೋಡಣೆ ಸಡಿಲವಾಗುತ್ತದೆ.

ನಾಲ್ಕೈದು ಸುತ್ತು ತಿರುಗಿಸುವ ಹಳೆಯ ಮಾದರಿಯಾದರೆ ಕೆಳಗೆ ರಬ್ಬರ್ ವಾಷರ್ ಇರುತ್ತದೆ, ಅರ್ಧ ಇಂಚಿನದು ಕೆಲವೇ ರೂಪಾಯಿಗೆ ಸಿಗುತ್ತದೆ. ಕಾಲು ಸುತ್ತಿಗೇ ತೆರೆಯುವ ಹೊಸ ಮಾದರಿಯಾದರೆ ಒಳಗೆ ಸೆರಾಮಿಕ್ ಬಿಲ್ಲೆಗಳು. ಅದಕ್ಕೆ ಇಡೀ ಸ್ಪಿಂಡಲ್ಲನ್ನೇ ಬದಲಿಸಬೇಕು. ಎಲ್ಲವೂ ‘ಅರ್ಧ ಇಂಚು’ ಎಂದೇ ಮಾರಾಟವಾದರೂ ಮೇಲಿನ ಹಲ್ಲುಗಳ ಎಣಿಕೆ, ಕುತ್ತಿಗೆಯ ಉದ್ದ, ತೆರೆಯುವ ದಿಕ್ಕು ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯದನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಹೋಗಬೇಕಾದ್ದು ಇದಕ್ಕೇ. ಫೋಟೊ ತೋರಿಸಿ ತಂದದ್ದು ಎಷ್ಟೋ ಸಲ ಹೊಂದುವುದಿಲ್ಲ.

9:30: ಅಂಗಡಿ, ಸಂತೆ

ತಿಂಡಿ ಮುಗಿಸಿ ಹೊರಡಿ. ಮೊದಲು ಹಾರ್ಡ್‌ವೇರ್ ಅಂಗಡಿ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಎಳೆಯುವ ಅಂಗಡಿಗಳೇ ಹೆಚ್ಚು. ಹಳೆಯ ಸ್ಪಿಂಡಲ್ ಪಕ್ಕ ಹೊಸದನ್ನು ನಿಲ್ಲಿಸಿ ಉದ್ದ ನೋಡಿ, ಮನೆಯಿಂದ ಒಯ್ದ ಹಿಡಿಯನ್ನು ಅದರ ಮೇಲೆ ಕೂರಿಸಿ ನೋಡಿ, ಎರಡು ಓ-ರಿಂಗ್ ಹೆಚ್ಚಿಗೆ ತನ್ನಿ. ತರಕಾರಿ, ದಿನಸಿ ಆಮೇಲೆ. ಈ ದಿನ ಸೊಪ್ಪು ತರುವುದು ಬೇಡ, ತೊಳೆಯಲು ನೀರು ಬಹಳ ಬೇಕು.

ಇಬ್ಬರಿದ್ದರೆ ಒಬ್ಬರು ಪೇಟೆಗೆ, ಇನ್ನೊಬ್ಬರು ಟ್ಯಾಂಕಿಗೆ ಎಂಬ ಆಸೆ ಸಹಜ. ಆದರೆ ಟ್ಯಾಂಕಿನ ಹತ್ತಿರ ಯಾವಾಗಲೂ ಇಬ್ಬರಿರಲಿ. ಮಾಳಿಗೆಯ ಕಬ್ಬಿಣದ ಏಣಿ, ಒದ್ದೆ ಕಾಲು, ಒಂಟಿ ಮನುಷ್ಯ: ಈ ಮೂರು ಸೇರಬಾರದು.

10:30: ಟ್ಯಾಂಕ್

ಹೊರಹೋಗುವ ಪೈಪು ತಳದಿಂದ ಎರಡು ಮೂರು ಇಂಚು ಮೇಲಿರುವುದರಿಂದ ಅಷ್ಟು ಎತ್ತರದ ಕೆಸರು ನೀರು ಉಳಿದೇ ಇರುತ್ತದೆ. ಅದನ್ನು ಕಲಕುವ ಮುನ್ನ ಆ ಪೈಪಿನ ಬಾಯಿಗೆ ಒಳಗಿನಿಂದ ಬಟ್ಟೆ ತುರುಕಿ, ಬಟ್ಟೆಗೆ ದಾರ ಕಟ್ಟಿ ಮುಚ್ಚಳದ ಹೊರಗೆ ಬಿಡಿ. ದಾರ ಇದ್ದರೆ ಬಟ್ಟೆ ತೆಗೆಯುವುದು ಮರೆಯುವುದಿಲ್ಲ. ಈ ಒಂದು ಹೆಜ್ಜೆ ಬಿಟ್ಟವರ ಮನೆಯಲ್ಲಿ ಟ್ಯಾಂಕಿನ ಹೂಳೆಲ್ಲ ಪೈಪಿಗೆ ಇಳಿದು ಶವರ್, ಫ್ಲಶ್ ಟ್ಯಾಂಕ್, ವಾಷಿಂಗ್ ಮೆಷಿನ್ನಿನ ಜಾಲರಿ ಎಲ್ಲ ಕಟ್ಟಿಕೊಳ್ಳುತ್ತವೆ.

ಸಾವಿರ ಲೀಟರಿನ ಟ್ಯಾಂಕನ್ನು ಬಾಯಿಯಿಂದಲೇ ಉದ್ದ ಬ್ರಷ್ ಹಾಕಿ ಉಜ್ಜಬಹುದು. ಮೇಲಿನಿಂದ ಕೆಳಕ್ಕೆ, ಕೊನೆಗೆ ತಳ. ತಂತಿ ಬ್ರಷ್, ಸ್ಟೀಲ್ ಜುಂಗು ಬೇಡ. ಅವು ಮಾಡಿದ ಗೀರಿನಲ್ಲೇ ಮುಂದಿನ ಪಾಚಿ ಬೇರುಬಿಡುತ್ತದೆ. ಸೋಪಿನ ಪುಡಿಯೂ ಬೇಡ, ಅದನ್ನು ಪೂರ್ತಿ ತೊಳೆದು ತೆಗೆಯಲು ಇನ್ನೊಂದು ಟ್ಯಾಂಕ್ ನೀರು ಬೇಕಾದೀತು. ಗಡಸು ನೀರಿನ ಬಿಳಿ ಪದರ ತೆಳ್ಳಗೆ ಅಂಟಿಕೊಂಡಿದ್ದರೆ ಇರಲಿ ಬಿಡಿ, ಅದರಿಂದ ಹಾನಿಯಿಲ್ಲ. ಕೆಸರನ್ನು ಮಗ್ಗಿನಲ್ಲಿ ಮೊಗೆದು, ಉಳಿದದ್ದನ್ನು ಸ್ಪಾಂಜಿನಲ್ಲಿ ಹೀರಿ ಬಕೆಟಿಗೆ ಹಿಂಡಿ. ಒಂದೆರಡು ಬಕೆಟ್ ಒಳ್ಳೆಯ ನೀರು ಎರಚಿ ಮತ್ತೊಮ್ಮೆ ಹೀರಿ.

ಇನ್ನು ಕ್ಲೋರಿನ್. ತಾಜಾ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಮೂರನೇ ಒಂದು ಪಾಲು ಕ್ಲೋರಿನ್ ಇರುತ್ತದೆ. 10 ಲೀಟರ್ ನೀರಿಗೆ 6 ಗ್ರಾಂ, ಅಂದರೆ ಟೀ ಚಮಚ ತಲೆತುಂಬಿದಷ್ಟು ಪುಡಿ ಹಾಕಿದರೆ ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ಸಿಗುತ್ತದೆ. ಕಲಕಿ ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಳಸಿ. ಗ್ಲೌಸ್, ಮಾಸ್ಕ್ ಹಾಕಿಕೊಂಡು ಸ್ಪಾಂಜಿನಿಂದ ಒಳಗೋಡೆ, ಮುಚ್ಚಳದ ಒಳಮೈ, ಫ್ಲೋಟ್ ಎಲ್ಲಕ್ಕೂ ಸವರಿ ಅರ್ಧ ಗಂಟೆ ಬಿಡಿ. ಕೆಲಸ ಮುಗಿಯುವವರೆಗೆ ಮುಚ್ಚಳ ತೆರೆದೇ ಇರಲಿ, ತಲೆ ಒಳಗೆ ಹಾಕಬೇಡಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಿದ್ದ ಬಕೆಟಿನಲ್ಲಿ ಇದನ್ನು ಕಲಸಲೇಬೇಡಿ: ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ವರ್ಷಕ್ಕೆರಡು ಸಲದ ಮಾಮೂಲಿ ತೊಳೆತಕ್ಕೆ ಇಷ್ಟು ಸಾಕು. ಟ್ಯಾಂಕಿನಲ್ಲಿ ಪಾರಿವಾಳವೋ ಇಲಿಯೋ ಸತ್ತು ಬಿದ್ದಿತ್ತು, ಅಥವಾ ನೀರಿಗೆ ಚರಂಡಿ ಬೆರೆತಿತ್ತು ಎಂದಾದರೆ ಮಾತ್ರ ಟ್ಯಾಂಕ್ ಪೂರ್ತಿ ತುಂಬಿ, ಸಾವಿರ ಲೀಟರಿಗೆ 150 ಗ್ರಾಂ ಪುಡಿಯ ತಿಳಿ ಬೆರೆಸಿ, ರಾತ್ರಿಯಿಡೀ ಬಿಟ್ಟು, ಆ ನೀರನ್ನು ಚೆಲ್ಲಬೇಕು. ಅದನ್ನು ಗಿಡಗಳಿಗೆ ಹಾಕಬೇಡಿ.

ಸಂಪಿನ ಮಾತು ಬೇರೆ. ನೆಲದೊಳಗಿನ ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು, ಇಳಿದವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ, ಕಾಪಾಡಲು ಇಳಿದವರಿಗೂ ಅದೇ ಗತಿ. ಮನೆಯವರು ಇಳಿಯಬಾರದು. ಹೊರಗಿನಿಂದಲೇ ಪಂಪು, ಪ್ರೆಶರ್ ಜೆಟ್ ಇಟ್ಟು ತೊಳೆಯುವವರನ್ನು ಕರೆಸಿ.

ಕಾಯುವ ಅರ್ಧ ಗಂಟೆಯಲ್ಲಿ ಓವರ್‌ಫ್ಲೋ ಪೈಪಿನ ಬಾಯಿಗೆ ಜಾಲರಿ ಕಟ್ಟಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನ ಬಳಿಯೇ. ಹಾಗೆಯೇ ಹೊಸ ಸ್ಪಿಂಡಲ್ ಕೂರಿಸಿಬಿಡಿ: ನಲ್ಲಿಯ ಒಳಗಿನ ಮರಳನ್ನು ಬೆರಳಿಗೆ ಬಟ್ಟೆ ಸುತ್ತಿ ಒರೆಸಿ, ಸ್ಪಿಂಡಲ್ಲನ್ನು ಮೊದಲು ಕೈಯಲ್ಲೇ ತಿರುಗಿಸಿ, ಕೊನೆಯ ಕಾಲು ಸುತ್ತಿಗೆ ಮಾತ್ರ ಸ್ಪ್ಯಾನರ್. ಇಲ್ಲಿ ಟೆಫ್ಲಾನ್ ಬೇಕಿಲ್ಲ, ಓ-ರಿಂಗ್ ಇದೆ. ನಲ್ಲಿಯನ್ನೇ ಗೋಡೆಯಿಂದ ಕಳಚಿದ್ದರೆ ಟೆಫ್ಲಾನನ್ನು ನಲ್ಲಿಯ ತಿರುಪಿನ ತುದಿಯ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಳೆದು ಹಿಡಿದು ಎಂಟು ಹತ್ತು ಸುತ್ತು ಸುತ್ತಿ. ಬಿಗಿಯುವಾಗ ನಲ್ಲಿಯ ಬಾಯಿ ನೇರ ದಾಟಿ ಮುಂದೆ ಹೋಯಿತೆಂದು ಹಿಂದಕ್ಕೆ ತಿರುಗಿಸಿದರೆ ಸೋರುವುದು ಖಂಡಿತ. ಕಳಚಿ, ಟೇಪ್ ಬದಲಿಸಿ, ಮೊದಲಿನಿಂದ ಮಾಡಬೇಕು.

ಅರ್ಧ ಗಂಟೆ ಕಳೆದ ಮೇಲೆ ಟ್ಯಾಂಕನ್ನು ಒಳ್ಳೆಯ ನೀರಿನಿಂದ ಎರಡು ಸಲ ತೊಳೆದು ಹೀರಿ, ಬಟ್ಟೆ ತೆಗೆದು, ಎಂಸಿಬಿ ಎತ್ತಿ. ಅರ್ಧ ಅಡಿ ತುಂಬಿದಾಗ ಹೊರಗಿನ, ಎಲ್ಲಕ್ಕಿಂತ ಕೆಳಗಿರುವ ನಲ್ಲಿಯನ್ನು ಪೂರ್ತಿ ತೆರೆದು ಎರಡು ನಿಮಿಷ ಹರಿಯಬಿಡಿ. ಆಮೇಲೆ ಒಂದೊಂದೇ ಮೇಲಿನವು. ಪ್ಯೂರಿಫೈಯರ್, ಗೀಜರ್ ಕೊನೆಗೆ. ಗೀಜರಿನ ಬಿಸಿನೀರಿನ ನಲ್ಲಿಯಲ್ಲಿ ನೀರು ಎಡೆಬಿಡದೆ ಬಂದ ಮೇಲೆಯೇ ಅದರ ಸ್ವಿಚ್. ಸೋಲಾರ್ ವಾಲ್ವ್ ತೆರೆಯುವುದನ್ನು ಮರೆಯಬೇಡಿ. ಬಿಸಿನೀರಿನ ನಲ್ಲಿ ಬರೀ ಬುಸುಗುಟ್ಟಿದರೆ ಪೈಪಿನಲ್ಲಿ ಗಾಳಿ ಕಟ್ಟಿದೆ. ಮಿಕ್ಸರಿನ ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ, ಬಿಸಿ ಮತ್ತು ತಣ್ಣೀರು ಎರಡನ್ನೂ ಅರ್ಧ ನಿಮಿಷ ತೆರೆದರೆ ತಣ್ಣೀರಿನ ಒತ್ತಡ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಒಮ್ಮೆಗೆ ಆಗದಿದ್ದರೆ ಎರಡು ಮೂರು ಸಲ.

12:00: ಶೆಲ್ಫ್

ಡ್ರಿಲ್ಲಿನ ಸದ್ದು ಅಕ್ಕಪಕ್ಕದವರ ಊಟ, ನಿದ್ದೆಗೆ ಮೊದಲೇ ಮುಗಿಯಲಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಬೇಡ, ವೈರಿನ ಪೈಪು ಹೆಚ್ಚಾಗಿ ಅದೇ ಸಾಲಿನಲ್ಲಿ ಇರುತ್ತದೆ. ನಲ್ಲಿಯ ಸುತ್ತಮುತ್ತಲೂ ಬೇಡ. 8 ಮಿಮೀ ಬಿಟ್, ತೂತಿಗೆ ತೂರಿಸುವ 8 ಮಿಮೀ ಪ್ಲಾಸ್ಟಿಕ್ ಪ್ಲಗ್, 50 ಮಿಮೀ ಸ್ಕ್ರೂ ಸಾಮಾನ್ಯ ಪುಸ್ತಕದ ಶೆಲ್ಫಿಗೆ ಸಾಕು. ಗೋಡೆಯ ಮೇಲಿನ ಹದಿನೈದು ಮಿಲಿಮೀಟರಿನಷ್ಟು ಬರೀ ಗಾರೆ. ಪ್ಲಗ್ ಅದನ್ನು ದಾಟಿ ಇಟ್ಟಿಗೆಯಲ್ಲೋ ಬ್ಲಾಕಿನಲ್ಲೋ ಕೂರಬೇಕು. ಬಿಟ್ ಇದ್ದಕ್ಕಿದ್ದಂತೆ ಒಳಗೆ ನುಗ್ಗಿದರೆ ಅದು ಟೊಳ್ಳು ಬ್ಲಾಕ್. ಸಾದಾ ಪ್ಲಗ್ ಅಲ್ಲಿ ನಿಲ್ಲುವುದಿಲ್ಲ, ಒಳಗೆ ಹೋಗಿ ರೆಕ್ಕೆ ಬಿಚ್ಚುವ ಮಾದರಿ ಬೇಕು. ತಪ್ಪಿದ ತೂತಿಗೆ ಗಾಬರಿ ಬೇಡ, ಪುಟ್ಟಿ ಇನ್ನೂ ಉಳಿದಿದೆ.

1:00: ಎರಡನೇ ಕೈ, ಊಟ, ನಿದ್ದೆ

ಮೊದಲ ಕೈಯನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಬೀಳದಿದ್ದರೆ, ತಣ್ಣಗೆ ತೇವವೆನಿಸದಿದ್ದರೆ, ಹೊಸದಾಗಿ ಕಲಸಿದ ಪುಟ್ಟಿಯನ್ನು ಈ ಸಲ ಅಡ್ಡಡ್ಡ ಎಳೆದು ಹಚ್ಚಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿ ಕಡೆ, ಇದು ಇನ್ನೂ ಹಸಿಯಾಗಿಯೇ ಇರಬಹುದು. ಫ್ಯಾನ್ ಹಾಕಿ ಆತುರಪಡಿಸಿದರೆ ಮೇಲ್ಮೈ ಮಾತ್ರ ಒಣಗಿ ಬಿರುಕು ಬಿಡುತ್ತದೆ. ಎರಡನೇ ಕೈ ನಾಳೆಗಿರಲಿ.

ಊಟಕ್ಕೆ ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ಒಂದೇ ಪಾತ್ರೆಯ ಅನ್ನ, ಒಂದು ಬಾಣಲೆಯ ಒಗ್ಗರಣೆ. ಅದಾದ ಮೇಲೆ ಮಲಗಿ. ಪುಟ್ಟಿ ಒಣಗುತ್ತಿರುವಾಗ ಅದನ್ನು ಮುಟ್ಟಿ ನೋಡುತ್ತ ಕೂರುವುದಕ್ಕಿಂತ ಎರಡು ಗಂಟೆ ನಿದ್ದೆ ಮಾಡುವುದು ಗೋಡೆಗೂ ಒಳ್ಳೆಯದು.

ಸಂಜೆ 6:00: ಉಜ್ಜುವುದು

ಕೋಣೆಯ ಸಾಮಾನಿಗೆ ಹಳೆಯ ಬೆಡ್‌ಶೀಟ್ ಹೊದಿಸಿ, ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. 120 ನಂಬರಿನಲ್ಲಿ ಉಬ್ಬು ಇಳಿಸಿ, 220ರಲ್ಲಿ ಅಂಚು ನಯಮಾಡಿ. ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಪಕ್ಕದಿಂದ ಹಿಡಿದರೆ ಹಗಲಿನಲ್ಲಿ ಕಾಣದ ತಗ್ಗುದಿಣ್ಣೆಯೆಲ್ಲ ನೆರಳಾಗಿ ಎದ್ದು ಕಾಣುತ್ತದೆ.

ಬಣ್ಣ ಈ ದಿನ ಬೇಡ. ವಾರದ ಮಧ್ಯೆ ಒಂದು ಸಂಜೆ ತೇಪೆಗೆ ಪ್ರೈಮರ್ ಹಚ್ಚಿಟ್ಟು, ಮುಂದಿನ ವಾರ ಎಮಲ್ಶನ್ ಎರಡು ಕೈ, ನಡುವೆ ನಾಲ್ಕು ಗಂಟೆ ಬಿಟ್ಟು. ಉಳಿದ ಹಳೆಯ ಡಬ್ಬದ ಬಣ್ಣವನ್ನು ತೇಪೆಯ ಮೇಲಷ್ಟೇ ಹಚ್ಚಿದರೆ ಅದೇ ನಂಬರಿನ ಬಣ್ಣವಾದರೂ ಬೇರೆಯೇ ಕಾಣುತ್ತದೆ, ಸುತ್ತಲಿನ ಗೋಡೆ ಇಷ್ಟು ವರ್ಷದಲ್ಲಿ ಮಾಸಿರುತ್ತದೆ. ಮೂಲೆಯಿಂದ ಮೂಲೆಯವರೆಗೆ ಆ ಒಂದು ಗೋಡೆ ಪೂರ್ತಿ ಹಚ್ಚಬೇಕು. ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಗೆ ಎರಡು ಕೈ ಸೇರಿ ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ.